ವೃದ್ಧರ ಸೇವಕಿ ಜೀನ್ ಜುಗಾನ್



ಕಳೆದ ಬೇಸಿಗೆಯಲ್ಲಿ ಸವದತ್ತಿಯ ಕಡೆಗೆ ಒಂದು ಹಳ್ಳಿಯಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗುವ ಪ್ರಸಂಗವು ನನಗೆ ಒದಗಿತು. ಆಕೆಯ ಅತ್ತೆಯು ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಮೈದುನಂದಿರು ಪುಣೆ, ಬೆಂಗಳೂರುಗಳಲ್ಲಿ ನೌಕರಿಯಲ್ಲಿದ್ದರು, ಗಂಡನು ಹೊಲದಲ್ಲಿದ್ದನು. ಹಗಲಿರುಳು ಮುದುಕಿಯ ಆರೈಕೆ ಮಾಡಿ ಸೊಸೆಯ ಮುಖವು ಬಾಡಿಹೋಗಿತ್ತು. ಸಂಬಳ ಕೊಡಲು ಮನೆಯವರು ಸಿದ್ಧರಿದ್ದರು. ಆದರೆ ಹಾಸಿಗೆ ಹಿಡಿದವರನ್ನು ನೋವಾಗದಂತೆ ಹೊರಳಿಸಿ, ಮೈ ತೊಳೆದು, ಬೆನ್ನು ಹುಣ್ಣಾಗದಂತೆ ಕಾಯಬಲ್ಲ ತರಬೇತಿ ಹೊಂದಿದ ಒಬ್ಬ ಹೆಂಗಸು, ಬೈಲಹೊಂಗಲದಿಂದ ರಾಮದುರ್ಗದ ವರೆಗೆ ವಿಚಾರಿಸಿದರೂ ಅವರಿಗೆ ದೊರೆಯಲಿಲ್ಲ. ಮರಳಿ ಬರುವಾಗ ದಾರಿಯುದ್ದಕ್ಕೂ ನನ್ನ ನೆನಪಿಗೆ ಬಂದವಳು ಫ್ರಾನ್ಸ್ ದೇಶದ ಒಬ್ಬ ಬಡ ಸೇವಕಿ. ಆಕೆಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತೇನೆ.

ಜೀನ್ ಜುಗಾನ್ ಎಂಬ ಈಕೆಯು 1792ನೆಯ ಇಸವಿಯ ಅಕ್ಟೋಬರ್ 25ರಂದು ಫ್ರಾನ್ಸಿನ ಬ್ರಿಟನಿ ಪ್ರಾಂತದ ಕಾಂಕಾಲ್ ಎಂಬ ಕಡಲತಡಿಯ ಊರಲ್ಲಿ ಹುಟ್ಟಿದಳು. ತಂದೆಯು ಮೀನುಗಾರನು. ಮಗಳು ಇನ್ನೂ ಚಿಕ್ಕವಳಿರುವಾಗಲೇ ಅವನು ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ. ತಾಯಿಯು ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದಳು. ಹದಿನಾರರ ಸುಮಾರಿಗೆ ಜೀನಳು ಒಬ್ಬ ಶ್ರೀಮಂತ ಹೆಂಗಸಿನ ಅಡಿಗೆಮನೆಯಲ್ಲಿ ಆಳಾಗಿ ನಿಂತಳು. ಒಬ್ಬ ತರುಣನು ಮದುವೆಯನ್ನು ಕೇಳಿದಾಗ ಆಕೆಯು ಒಪ್ಪಲಿಲ್ಲ. ತನ್ನ ಬಾಳು ಬೇರೊಂದು ಕೆಲಸಕ್ಕಾಗಿ ಇದೆಯೆಂದು ಆಕೆಗೆ ಅನಿಸಿತ್ತು, ಆದರೆ ಆ ಕೆಲಸವು ಯಾವದೆಂದು ಇನ್ನೂ ತಿಳಿದಿರಲಿಲ್ಲ.

1817ರಲ್ಲಿ ಸೇಂಟ್ ಸೆರ್ವಾನ್ ಪಟ್ಟಣಕ್ಕೆ ಹೋಗಿ, ಅಲ್ಲಿಯ ಆಸ್ಪತ್ರೆಯಲ್ಲಿ ಸುಮಾರು ಆರು ವರುಷ ರೋಗಿಗಳ ಸೇವೆ ಮಾಡಿದಳು. ದುಡಿದು ದುಡಿದು ಮೈಯಲ್ಲಿ ತ್ರಾಣವಿಲ್ಲದಂತಾಗಲು ಆ ಕೆಲಸವನ್ನು ಬಿಟ್ಟು, ವಯಸ್ಸಾದ ಒಬ್ಬ ಧರ್ಮಶೀಲ ಹೆಂಗಸಿನ ಮನೆಯಲ್ಲಿ ಸೇವಕಿಯಾಗಿ ನಿಂತು, 1835ರಲ್ಲಿ ಆಕೆಯು ತೀರಿಕೊಳ್ಳುವ ವರೆಗೂ ಅವಳನ್ನು ನೋಡಿಕೊಂಡಳು. 1824ರಲ್ಲಿ ನಮ್ಮ ಕಿತ್ತೂರಿನ ರಾಣಿ ಚನ್ನಮ್ಮನು ಕುಂಪಣಿ ಸರಕಾರದೊಡನೆ ಕಾದಾಡಿದ ಕಾಲಕ್ಕೆ ಜೀನಳು ಹೀಗೆ ಪರರ ಮನೆಯ ಊಳಿಗದಲ್ಲಿದ್ದಳು. ಒಬ್ಬಳ ಹೆಸರನ್ನು ನಾಡೆಲ್ಲ ಹಾಡಿತು; ಇನ್ನೊಬ್ಬಳ ಹೆಸರನ್ನು ಆಕೆಯ ಸ್ವಂತ ಮನೆಯವರೇ ಮರೆತರೆಂಬದನ್ನು ಮುಂದೆ ಕಾಣುವೆವು. ಆದರೂ ಈ ವರುಷಗಳು ವ್ಯರ್ಥವಾಗಲಿಲ್ಲ. ರೋಗಿಯನ್ನು ಹೇಗೆ ಎತ್ತಬೇಕು, ಮುಪ್ಪಿನವರ ಮುನಿಸನ್ನು ಹೇಗೆ ತಾಳಬೇಕು ಎಂಬ ವಿದ್ಯೆಯನ್ನು ಆಕೆಯು ಇಲ್ಲಿಯೇ ಕಲಿತಳು.

1839ರ ಚಳಿಗಾಲದಲ್ಲಿ ಆಕೆಗೆ 47 ವರುಷ. ಇಬ್ಬರು ಸಂಗಾತಿಯರೊಡನೆ ಒಂದು ಸಣ್ಣ ಬಾಡಿಗೆಯ ಮನೆಯಲ್ಲಿದ್ದು, ನೂತು, ಬಟ್ಟೆ ಒಗೆದು ಹೊಟ್ಟೆ ಹೊರೆಯುತ್ತಿದ್ದಳು. ಆಗ ಆನ್ ಶೋವಾನ್ ಎಂಬ ಮುದುಕಿಯ ಸಂಗತಿಯು ತಿಳಿಯಿತು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಪಾರ್ಶ್ವವಾಯು ಬಡಿದಿತ್ತು, ದಿಕ್ಕು ದೆಸೆ ಇರಲಿಲ್ಲ. ಜೀನಳು ಅವಳನ್ನು ಹೊತ್ತುಕೊಂಡು ಬಂದು ತನ್ನ ಹಾಸಿಗೆಯಲ್ಲಿ ಮಲಗಿಸಿ, ತಾನು ಅಟ್ಟದ ಮೇಲೆ ಮಲಗಿದಳು. ಒಂದು ಹಾಸಿಗೆಯನ್ನು ಬಿಟ್ಟುಕೊಟ್ಟದ್ದೇ ಮುಂದಿನ ಮಹಾಕಾರ್ಯದ ಬೀಜವಾಯಿತು. ಎರಡನೆಯದಾಗಿ ಬಂದವಳು ಒಬ್ಬ ಮುದಿ ಸೇವಕಿ. ಒಡೆಯರು ಬಡವರಾದ ಮೇಲೂ ಅವರನ್ನು ಬಿಡದೆ, ತಾನು ಕೂಡಿಟ್ಟ ಹಣವನ್ನು ಅವರಿಗಾಗಿ ಸವೆಸಿ, ಕಡೆಗೆ ತಾನೇ ಗತಿಗೆಟ್ಟವಳು. ಪರರನ್ನು ಆರೈಕೆ ಮಾಡಿದವಳನ್ನು ಆರೈಕೆ ಮಾಡುವವರಾರು? ಈ ಪ್ರಶ್ನೆಯು ಅಂದಿನಂತೆ ಇಂದಿಗೂ ಇದೆ.

1841ರಲ್ಲಿ ದೊಡ್ಡ ಮನೆಯನ್ನು ಹಿಡಿದು 12 ಮಂದಿ ಮುದುಕಿಯರಿಗೆ ಸ್ಥಳ ಕೊಟ್ಟರು. ಮರುವರುಷ ಒಂದು ಹಳೆಯ ಮಠವನ್ನು ಕೊಂಡರು. ಸ್ವಲ್ಪ ಕಾಲದಲ್ಲಿಯೇ ಅಲ್ಲಿ 40 ಮಂದಿ ಸೇರಿದರು. ಈ ಮುದುಕಿಯರಲ್ಲಿ ಹಲವರು ಮೊದಲು ಭಿಕ್ಷೆ ಬೇಡುತ್ತಿದ್ದವರು. ನೀವು ಹೋಗಬೇಡಿರಿ, ನಿಮ್ಮ ಬದಲು ನಾನು ಹೋಗುವೆನೆಂದು ಹೇಳಿ, ಜೀನಳು ಕೈಯಲ್ಲಿ ಬುಟ್ಟಿ ಹಿಡಿದು ಮನೆಯಿಂದ ಮನೆಗೆ ತಿರುಗಿದಳು. ಒಮ್ಮೆ ಒಬ್ಬ ಧನಿಕನು ಸಿಟ್ಟಿನಿಂದ ಅವಳನ್ನು ಹೊಡೆದನಂತೆ. ಆಕೆಯು, ಆ ಏಟು ತನಗಾಯಿತು, ಇನ್ನು ತನ್ನ ಮುದುಕರಿಗೆ ಏನಾದರೂ ಕೊಡಬೇಕೆಂದು ಶಾಂತವಾಗಿ ಕೇಳಿಕೊಂಡಳೆಂದು ಹೇಳುತ್ತಾರೆ. ಶಕ್ತಿಯಿದ್ದ ಮುದುಕಿಯರಿಗೆ ನೂಲುವ ಕೆಲಸವನ್ನು ಕೊಟ್ಟು, ತಾವು ಭಾರವಾಗಿರುವೆವೆಂಬ ದುಃಖವನ್ನು ತಪ್ಪಿಸಿದಳು. 1845ರಲ್ಲಿ ಫ್ರೆಂಚ್ ಅಕಾಡೆಮಿಯು ಆಕೆಯ ಸದ್ಗುಣವನ್ನು ಮೆಚ್ಚಿ 3,000 ಫ್ರಾಂಕುಗಳ ಬಹುಮಾನವನ್ನು ಕೊಟ್ಟಿತು.

ಇಷ್ಟಾದರೂ ಆಕೆಯು ಸುಖಪಡಲಿಲ್ಲ. 1843ರಲ್ಲಿ ಸಂಗಡಿಗರು ಜೀನಳನ್ನೇ ಮತ್ತೆ ಹಿರಿಯಳನ್ನಾಗಿ ಆರಿಸಿದಾಗ, ಆ ಸಂಘಕ್ಕೆ ಮಾರ್ಗದರ್ಶಿಯಾಗಿದ್ದ ಪಾದ್ರಿ ಲ ಪಾಯ್ಯರನು ಆ ಆಯ್ಕೆಯನ್ನು ರದ್ದುಮಾಡಿ, 23 ವರುಷದ ಬೇರೊಬ್ಬಳನ್ನು ನೇಮಿಸಿದನು. 1852ರಲ್ಲಿ ಭಿಕ್ಷಾಟನವನ್ನೂ ಬಿಡಿಸಿದರು. ಅಲ್ಲಿಂದ 27 ವರುಷ, ಅದರಲ್ಲಿ ಹೆಚ್ಚಿನ ಕಾಲವನ್ನು ಸೇಂಟ್ ಪೆರ್ನ್ ಎಂಬಲ್ಲಿ, ಆಕೆಯು ಹೊಸದಾಗಿ ಸೇರಿದ ಕನ್ಯೆಯರ ನಡುವೆ ಮೂಲೆಯಲ್ಲಿ ಕಳೆದಳು. ತಮ್ಮ ಸಂಘವನ್ನು ಸ್ಥಾಪಿಸಿದವಳು ಈ ಮುದುಕಿಯೇ ಎಂಬದು ಆ ಹುಡುಗಿಯರಿಗೆ ಗೊತ್ತಿರಲಿಲ್ಲ. ಆಕೆಯು ದೂರಲಿಲ್ಲ, ಬಡವರನ್ನು ಪ್ರೀತಿಸುವ ಬಗೆಯನ್ನು ಅವರಿಗೆ ತನ್ನ ನಡತೆಯಿಂದ ಕಲಿಸುತ್ತ ಹೋದಳು. 1879ರ ಆಗಸ್ಟ್ 29ರಂದು, 86ನೆಯ ವಯಸ್ಸಿನಲ್ಲಿ ದೈವಾಧೀನಳಾದಳು. 1890ರಲ್ಲಿ ರೋಮಿನಿಂದ ವಿಚಾರಣೆಯಾಗಿ ಆ ಪಾದ್ರಿಯು ಅಧಿಕಾರವನ್ನು ಕಳೆದುಕೊಂಡನು. 2009ರಲ್ಲಿ ಜೀನಳಿಗೆ ಸಂತಪದವಿಯು ಲಭಿಸಿತು.

ಇಲ್ಲಿ ತಾವು ಒಂದು ಲೆಕ್ಕವನ್ನು ಗಮನಿಸಬೇಕು. 1839ರಲ್ಲಿ ಒಂದು ಹಾಸಿಗೆ ಇತ್ತು. ಆಕೆಯು ತೀರಿಕೊಂಡ ವರುಷ 177 ಮನೆಗಳಲ್ಲಿ 2,400 ಮಂದಿ ಸೋದರಿಯರು ವೃದ್ಧರ ಸೇವೆಯಲ್ಲಿದ್ದರು. ಈ ಸೋದರಿಯರು 1882ರಲ್ಲಿ ಕಲಕತ್ತೆಗೂ 1900ರಲ್ಲಿ ಬೆಂಗಳೂರಿಗೂ ಬಂದರು; ಹೊಸೂರು ರಸ್ತೆಯಲ್ಲಿರುವ ಅವರ ವೃದ್ಧಾಶ್ರಮವನ್ನು ನಮ್ಮಲ್ಲಿ ಕೆಲವರು ನೋಡಿರಬಹುದು. ಇದು ಬರಿಯ ಕನಿಕರದಿಂದ ಆದದ್ದಲ್ಲ. ಕನಿಕರವು ಒಬ್ಬ ಮುದುಕಿಯನ್ನು ಮನೆಗೆ ತಂದೀತು. ನೂರು ಮಂದಿಯನ್ನು ವರುಷಗಟ್ಟಲೆ ಸಾಕಲಾರದು. ಹೊಸಬಳನ್ನು ಅನುಭವಸ್ಥಳ ಕೈಕೆಳಗೆ ಇಟ್ಟು, ಕೆಲಸವನ್ನು ಕ್ರಮವಾಗಿ ಕಲಿಸಿ, ಆಮೇಲೆ ಆಕೆಯನ್ನು ಹೊಸ ಮನೆಗೆ ಕಳಿಸುವ ಏರ್ಪಾಡು ಇದ್ದದ್ದರಿಂದಲೇ ಆ ಕಾರ್ಯವು ಬೆಳೆಯಿತು. ಇತ್ತೀಚಿನ ಕಾಲದಲ್ಲಿ ಯುರೋಪು ಅಮೇರಿಕೆಗಳಲ್ಲಿ ಸಂಘವನ್ನು ಸೇರುವ ತರುಣಿಯರು ಕಡಿಮೆಯಾಗಿ, ಅದೇ ಸೋದರಿಯರು ಕೆಲವು ಮನೆಗಳನ್ನು ಬಿಟ್ಟುಕೊಡಬೇಕಾಯಿತು. ಕಟ್ಟಡವಿತ್ತು, ಮುದುಕರಿದ್ದರು, ಕೈಗಳು ಸಾಲಲಿಲ್ಲ.

ನಮ್ಮ ದೇಶದಲ್ಲಿ 2011ರ ಜನಗಣತಿಯಂತೆ 60 ವರುಷಕ್ಕೆ ಮೇಲ್ಪಟ್ಟವರು 10 ಕೋಟಿಗೂ ಮಿಕ್ಕಿದ್ದರು. ಅವರ ಸಂಖ್ಯೆಯು ಅಂದಿನಿಂದ ಬೆಳೆಯುತ್ತಲೇ ಇದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳಲ್ಲಿ ಈ ಭಾರವೆಲ್ಲ ಸೊಸೆಯ ಇಲ್ಲವೆ ಮಗಳ ತಲೆಯ ಮೇಲೆ ಬೀಳುತ್ತದೆ. ಆಕೆಗೆ ಕಲಿಸಿದವರಿಲ್ಲ, ಬಿಡುವು ಕೊಡುವವರಿಲ್ಲ. ನಮ್ಮ ಶಾಲೆಯಿಂದ ಹೋಗಿ ನರ್ಸುಗಳಾದ ಹುಡುಗಿಯರು ದೂರದ ನಗರಗಳಲ್ಲಿ ಒಳ್ಳೆಯ ಹೆಸರು ಪಡೆದಿರುವರು. ಅದು ನಮಗೆ ಅಭಿಮಾನದ ಸಂಗತಿ. ಆದರೆ ಮುದುಕರ ಮೈ ತೊಳೆಯುವ ಕೆಲಸವು ಕೀಳೆಂಬ ಭಾವನೆಯು ನಮ್ಮ ಮನೆಗಳಿಂದ ಇನ್ನೂ ಹೋಗಿಲ್ಲ. ಪಾಲಕರಿಗೆ ನನ್ನ ವಿನಂತಿಯೇನೆಂದರೆ, ತಮ್ಮ ಮಗಳು ಈ ವಿದ್ಯೆಯನ್ನು ಕಲಿಯಬಯಸಿದರೆ ಅಡ್ಡಬರಬಾರದು. ಮತ್ತು ಆ ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡರೆ ಯೋಗ್ಯವಾದ ಸಂಬಳವನ್ನೂ ವಾರಕ್ಕೊಂದು ದಿನದ ವಿಶ್ರಾಂತಿಯನ್ನೂ ಕೊಡಬೇಕು, ಅವಳನ್ನು ಹೆಸರು ಹಿಡಿದು ಗೌರವದಿಂದ ಕರೆಯಬೇಕು. ಜೀನಳು ಮರೆಯಲ್ಪಟ್ಟದ್ದನ್ನು ಸಹಿಸಿದಳೆಂಬದು ಆಕೆಯ ದೊಡ್ಡಸ್ತಿಕೆ. ಮರೆತದ್ದು ಮಾತ್ರ ಇತರರ ತಪ್ಪೇ ಸರಿ.

ಆ ಹಳ್ಳಿಯ ಮನೆಯಲ್ಲಿ ನಾನು ಕಂಡ ಸೊಸೆಯು ಒಮ್ಮೆ ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತವಳು. ನಾವು ಅವಳಿಗೆ ಗಣಿತವನ್ನೂ ಭೂಗೋಲವನ್ನೂ ಕಲಿಸಿದೆವು. ಹಾಸಿಗೆ ಹಿಡಿದವರನ್ನು ಹೊರಳಿಸುವ ಬಗೆಯನ್ನು ಕಲಿಸಲಿಲ್ಲ. ಬರುವ ವರುಷದಿಂದ ಮೇಲಿನ ತರಗತಿಗಳ ಹುಡುಗಿಯರಿಗೆ ಗೃಹಶುಶ್ರೂಷೆಯ ಪಾಠಗಳನ್ನು ಹೇಳಿಸಬೇಕೆಂದು ನಾನು ಯೋಚಿಸಿರುವೆನು. ನರ್ಸಿನ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ರಜೆಯಲ್ಲಿ ಊರಿಗೆ ಬಂದಾಗ ಒಂದೆರಡು ದಿನ ಬಂದು ಕಲಿಸಿದರೆ ಶಾಲೆಯು ಅವರಿಗೆ ಋಣಿಯಾಗಿರುವದು. ದೇವರು ಈ ಕಾರ್ಯವನ್ನು ಸಫಲಗೊಳಿಸಲಿ.