ಮಿಸ್ ಸೆಂಡಾ ಬೆರೆನ್‌ಸನ್ನರ ಜೀವಿತ

ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಆಟಕ್ಕೆ ಮಾತೃಸ್ಥಾನದಲ್ಲಿರುವ ಸೆಂಡಾ ಬೆರೆನ್‌ಸನ್ನರು 1868ನೆಯ ಇಸವಿಯಲ್ಲಿ ಲಿಥುವೇನಿಯಾದಲ್ಲಿ ಜನಿಸಿದರು. 1875ರಲ್ಲಿ ಅವರ ಕುಟುಂಬವು ಅಮೆರಿಕಾದ ಬಾಸ್ಟನ್ ನಗರಕ್ಕೆ ಬಂದು ನೆಲಸಿತು. ಬಾಲ್ಯದಿಂದಲೂ ಅವರದು ದುರ್ಬಲವಾದ ದೇಹ. ಪಿಯಾನೋ ಕಲಿಯಲು ತೊಡಗಿ, ಬೆನ್ನುನೋವಿನ ದೆಸೆಯಿಂದ ಅದನ್ನು ಬಿಡಬೇಕಾಯಿತು. ಆರೋಗ್ಯಕ್ಕೋಸ್ಕರ ಮನಸ್ಸಿಲ್ಲದ ಮನಸ್ಸಿನಿಂದ ವ್ಯಾಯಾಮಶಿಕ್ಷಣದ ಶಾಲೆಯನ್ನು ಸೇರಿದ ಈ ತರುಣಿಯೇ 1892ರ ಜನವರಿಯಲ್ಲಿ ಸ್ಮಿತ್ ಸ್ತ್ರೀಕಾಲೇಜಿನ ವ್ಯಾಯಾಮೋಪಾಧ್ಯಾಯಿನಿಯಾದರೆಂಬುದು ನಮಗೆ ಸೋಜಿಗವಾಗಿ ತೋರುತ್ತದೆ.

ನೆರೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ ನೈಸ್ಮಿತ್ ಎಂಬವರು 1891ರಲ್ಲಿ ಗಂಡುಮಕ್ಕಳಿಗಾಗಿ ಕಲ್ಪಿಸಿದ ಹೊಸ ಆಟವನ್ನು ಅವರು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಓಟ ನೆಗೆತಗಳು ಸ್ತ್ರೀಯರ ದೇಹಕ್ಕೆ ಹಾನಿಕರವೆಂದು ವೈದ್ಯರೇ ಹೇಳುತ್ತಿದ್ದ ಕಾಲವದು. ಆದಕಾರಣ 1893ರ ಮಾರ್ಚಿ 22ರಂದು ಮೊದಲನೆಯ ವರ್ಷದವರಿಗೂ ಎರಡನೆಯ ವರ್ಷದವರಿಗೂ ನಡೆದ ಪಂದ್ಯವು ಬರಿಯ ವಿನೋದವಾಗಿರಲಿಲ್ಲ; ಹೆಣ್ಣುಮಕ್ಕಳಿಂದ ಇದಾದೀತೇ ಎಂಬುದೇ ಅಲ್ಲಿ ಪರೀಕ್ಷೆಗೆ ಬಂದಿತ್ತು. ಪುರುಷರಿಗೆ ಪ್ರವೇಶವಿರಲಿಲ್ಲ. ಆಯಾ ತರಗತಿಯವರು ತಮ್ಮ ತಮ್ಮ ಬಣ್ಣಗಳಿಂದ ಮೇಲ್ಮೊಗಸಾಲೆಯನ್ನು ಅಲಂಕರಿಸಿ, ಹಾಡುಗಳನ್ನು ಹಾಡಿ ತಮ್ಮವರನ್ನು ಹುರಿದುಂಬಿಸಿದರು.

ಮಿಸ್ ಬೆರೆನ್‌ಸನ್ನರು ಚೆಂಡನ್ನು ಮೇಲಕ್ಕೆಸೆದ ಕ್ಷಣವೇ, ನಡುವಿನ ಆಟಗಾರ್ತಿಯೊಬ್ಬಳ ಎತ್ತಿದ ಕೈಗೆ ಪೆಟ್ಟು ತಗಲಿ ಅವಳ ಭುಜದ ಕೀಲು ತಪ್ಪಿತು. ಎಂಥ ಅಪಶಕುನ! ಆಟವನ್ನು ಅಲ್ಲಿಗೇ ನಿಲ್ಲಿಸಿದ್ದರೆ ಆಕ್ಷೇಪಿಸುವವರಿಗೆ ಅದೇ ಸಾಕಾಗುತ್ತಿತ್ತು. ಹುಡುಗಿಯನ್ನು ಒಳಗೆ ಕರೆದೊಯ್ದು ಕೀಲನ್ನು ಕೂಡಿಸಿದರು; ಬೇರೊಬ್ಬಳು ಅವಳ ಸ್ಥಾನದಲ್ಲಿ ನಿಂತಳು; ಆಟವು ಮುಂದುವರಿಯಿತು. ಎರಡನೆಯ ವರ್ಷದವರು 5ಕ್ಕೆ 4ರಂತೆ ಗೆದ್ದರು.

ಒರಟುತನವನ್ನು ತಡೆಯಲು ಅವರು ಅಂಗಳವನ್ನು ಮೂರು ಭಾಗ ಮಾಡಿ, ಆಟಗಾರ್ತಿಯರು ತಮ್ಮ ಭಾಗವನ್ನು ದಾಟಬಾರದೆಂದೂ ಎದುರಾಳಿಯ ಕೈಯಿಂದ ಚೆಂಡನ್ನು ಕಸಿಯಬಾರದೆಂದೂ ಗೊತ್ತುಮಾಡಿದರು. ಆಗ ಚುರುಕಾದ ಒಬ್ಬಳೇ ಆಟವನ್ನೆಲ್ಲ ಕಬಳಿಸುವುದಕ್ಕಾಗಲಿಲ್ಲ. ನಾಯಕಿಯಾದವಳು ತಾನೇ ಓಡುವುದಕ್ಕಿಂತ ತನ್ನವರನ್ನು ಸರಿಯಾದ ಎಡೆಯಲ್ಲಿ ನಿಲ್ಲಿಸುವುದನ್ನು ಕಲಿಯಬೇಕಾಯಿತು. ಕಾಲೇಜು ಕಾಲೇಜುಗಳ ನಡುವಣ ಸ್ಪರ್ಧೆ ಅವರಿಗೆ ಹಿಡಿಸದು. ತರಗತಿಗಳ ಪಂದ್ಯಗಳಾದರೆ ಕೆಲವರೇ ಅಲ್ಲ, ಬಹುಮಂದಿ ಆಡಬಹುದೆಂದು ಅವರ ಮತ. ಈ ವಿಷಯದಲ್ಲಿ ಅವರು ತುಸು ಅತಿಯಾಗಿಯೇ ನಡೆದರೆಂದು ನಮಗನ್ನಿಸುತ್ತದೆ.

1911ರಲ್ಲಿ ಅದೇ ಕಾಲೇಜಿನ ಉಪಾಧ್ಯಾಯರಾದ ಹರ್ಬರ್ಟ್ ಆಬಟ್ಟರನ್ನು ವರಿಸಿ ಕಾಲೇಜನ್ನು ಬಿಟ್ಟರೂ, ನಿಯಮಗಳ ಸಮಿತಿಯ ಅಧ್ಯಕ್ಷತೆಯನ್ನು 1917ರ ವರೆಗೂ ವಹಿಸಿದ್ದರು. 1954ರಲ್ಲಿ ಕಾಲವಾದರು. ಅಮೆರಿಕಾದ ಕಾಲೇಜು ಹೆಣ್ಣುಮಕ್ಕಳು ಅಂಗಳದ ತುಂಬ ಓಡಿ ಆಡುವ ನಿಯಮವು ಬಂದುದು 1971ರಲ್ಲಿ.