ಹಾಲಿ ರೂಪಾಯಿಯ ಒಡೆಯ

ರಾಯಚೂರಿಂದ ಹೈದರಾಬಾದ್ ಬಸ್ ಹತ್ತಿದವರಿಗೆ ದೇವಸುಗೂರು ಗೊತ್ತೇ ಇರುತ್ತೆ. ಶಕ್ತಿನಗರದ ಚಿಮಣಿಗಳು, ಸುಗೂರೇಶ್ವರನ ಗುಡಿ, ಆಮೇಲೆ ಕೃಷ್ಣಾ ನದಿ ಮೇಲಿನ ಹಳೇ ಕಮಾನು ಸೇತುವೆ. ಸಿವಿಲ್ ಓದುವ ಗೆಳೆಯರು ಆ ಕಮಾನುಗಳ ಫೋಟೋ ತೆಗೆದಿರುತ್ತಾರೆ. 1933ರಲ್ಲಿ ಶುರುವಾಗಿ 1943ರಲ್ಲಿ ಮುಗಿದ ಸೇತುವೆ ಅದು. ಆ ಹತ್ತು ವರ್ಷ ನಮ್ಮ ಕಡೆ ಸಂತೆಯಲ್ಲಿ ಓಡಾಡುತ್ತಿದ್ದ ರೂಪಾಯಿ ಬ್ರಿಟಿಷರದ್ದಲ್ಲ. ಅದರ ಹೆಸರು ಹಾಲಿ. ಬ್ರಿಟಿಷ್ ರೂಪಾಯಿಗೆ ಕಲ್ದಾರ್ ಅಂತಿದ್ದರು. ಅಂದ್ರೆ ರಾಯಚೂರು, ಮಾನ್ವಿ, ದೇವದುರ್ಗದವರಿಗೆ ನದಿಯಾಚೆ ಬಳ್ಳಾರಿ ಕಡೆಯ ರೂಪಾಯಿಯೇ ಪರದೇಶದ ರೂಪಾಯಿ!

ಇದೆಲ್ಲ ಯಾಕೆ ಹುಡುಕಿದೆ ಅಂದರೆ, ಹೋದ ರಜೆಯಲ್ಲಿ ನಮ್ಮ ತಾತನ ಟ್ರಂಕಿನಲ್ಲಿ ಒಂದು ಹಾಲಿ ನೋಟು ಸಿಕ್ಕಿತು. ಉರ್ದು, ಇಂಗ್ಲಿಷ್, ತೆಲುಗು, ಮರಾಠಿ ಜೊತೆಗೆ ಕನ್ನಡದಲ್ಲೂ ಬೆಲೆ ಬರೆದಿತ್ತು. ರಾಜನ ಮುಖ ಮಾತ್ರ ಇರಲಿಲ್ಲ. ಆ ರಾಜನ ಕತೆ ತಿಳಿಯದೆ ನೋಟಿನ ಬೆಲೆ ತಿಳಿಯೋದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಮೀರ್ ಉಸ್ಮಾನ್ ಅಲಿ ಖಾನ್ ಹುಟ್ಟಿದ್ದು 1886ರ ಏಪ್ರಿಲ್‌ನಲ್ಲಿ, ಹೈದರಾಬಾದಿನಲ್ಲಿ. ತಂದೆ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ತೀರಿಕೊಂಡಾಗ, 1911ರ ಆಗಸ್ಟ್‌ನಲ್ಲಿ, ಇಪ್ಪತ್ತೈದರ ಹರೆಯದಲ್ಲಿ ಏಳನೇ ನಿಜಾಮನಾಗಿ ಪಟ್ಟಕ್ಕೆ ಬಂದರು. ಆ ಬದಲಾವಣೆ ನಾಣ್ಯದಲ್ಲೂ ಕಾಣುತ್ತೆ. ಹಾಲಿ ಬೆಳ್ಳಿ ರೂಪಾಯಿ ಮೇಲೆ ಚಾರ್‌ಮಿನಾರ್ ಚಿತ್ರ ಇದೆ. ಅದರ ಬಾಗಿಲೊಳಗೆ ಮಹಬೂಬರ ಮೀಮ್ ಇದ್ದರೆ ತಂದೆಯ ಕಾಲದ್ದು, ಉಸ್ಮಾನರ ಐನ್ ಇದ್ದರೆ ಮಗನ ಕಾಲದ್ದು. ಒಂದೇ ಅಕ್ಷರ ನೋಡಿ ಸಂಗ್ರಾಹಕರು ರಾಜ ಯಾರು ಅಂತ ಹೇಳಿಬಿಡುತ್ತಾರೆ.

ಪಟ್ಟಕ್ಕೆ ಬಂದ ಮೂರು ವರ್ಷಕ್ಕೆ ಮೊದಲ ಮಹಾಯುದ್ಧ ಶುರುವಾಯಿತು. ಯುದ್ಧ ನಡೀತಾ ಬೆಳ್ಳಿಗೆ ತತ್ವಾರ ಬಂತು. ರೂಪಾಯಿ ಟಂಕಿಸೋಕೆ ಬೆಳ್ಳಿ ಸಾಲದಾದಾಗ 1918ರಲ್ಲಿ ಕಾನೂನು ಮಾಡಿ ನಿಜಾಮ್ ಸರ್ಕಾರ ತನ್ನದೇ ಕಾಗದದ ನೋಟು ಹೊರಡಿಸಿತು. ಮೊದಲು ಹತ್ತು, ನೂರು, ಮುಂದೆ ಒಂದು, ಐದು, ಸಾವಿರ. ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದದ್ದೂ ಅದೇ 1918ರಲ್ಲಿ. 1908ರ ಮೂಸಿ ಪ್ರವಾಹದ ನಂತರ ನಮ್ಮ ವಿಶ್ವೇಶ್ವರಯ್ಯನವರು ಕೊಟ್ಟ ಸಲಹೆಯಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಿಸಿದ್ದೂ ಇದೇ ನಿಜಾಮ.

ನೋಟಿನಲ್ಲಿ ಮುಖ ಇಲ್ಲದಿದ್ದರೂ ಸಹಿ ಇದೆ. ಅದು ನಿಜಾಮನದ್ದಲ್ಲ, ಹಣಕಾಸು ನೋಡುತ್ತಿದ್ದ ಅಧಿಕಾರಿಯದ್ದು. ಮೊದಲು ಗ್ಲಾನ್ಸಿ ಎಂಬ ಇಂಗ್ಲಿಷ್ ಅಧಿಕಾರಿ, ಆಮೇಲೆ ಹೈದರ್ ನವಾಜ್ ಜಂಗ್ ಎನಿಸಿಕೊಂಡ ಅಕ್ಬರ್ ಹೈದರಿ. 1940ರ ದಶಕದಲ್ಲಿ ಸಹಿ ಮಾಡಿದ ಗುಲಾಮ್ ಮಹಮ್ಮದ್ ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಯಾರ ಸಹಿ ಅಂತ ಗೊತ್ತಾದರೆ ನೋಟಿನ ಕಾಲ ಗೊತ್ತಾಗುತ್ತೆ. ಉರ್ದು ಅಂಕಿಯಲ್ಲಿ ಫಸಲಿ ವರ್ಷ ಇದ್ದರೆ ಇನ್ನೂ ಸುಲಭ. ಅದಕ್ಕೆ 590 ಕೂಡಿಸಿ. 1327 ಅಂದರೆ 1917-18. ಹಿಜರಿ ವರ್ಷಕ್ಕೆ ಈ ಲೆಕ್ಕ ನಡೆಯಲ್ಲ, ಅದು ಚಂದ್ರನ ಲೆಕ್ಕ.

ಈ ನೋಟುಗಳು ಆಗ ಲಂಡನ್ನಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1922ರ ಮೇ 20ರಂದು ಈಜಿಪ್ಟ್ ಎಂಬ ಹಡಗು ಮುಂಬಯಿಗೆ ಹೊರಟು, ಫ್ರಾನ್ಸ್ ತೀರದ ಹತ್ತಿರ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. 80ಕ್ಕೂ ಹೆಚ್ಚು ಜನ ಸತ್ತರು. ಬಂಗಾರ, ಬೆಳ್ಳಿಯ ಜೊತೆ ನಿಜಾಮನ ನೋಟಿನ ಕಟ್ಟುಗಳೂ ನೂರು ಮೀಟರಿಗಿಂತ ಆಳಕ್ಕೆ ಹೋದವು. ಹತ್ತು ವರ್ಷದ ಮೇಲೆ ಇಟಲಿಯವರು ಉಕ್ಕಿನ ಗೂಡಿನಲ್ಲಿ ಮನುಷ್ಯನನ್ನು ಇಳಿಸಿ, ಅವನು ಫೋನಿನಲ್ಲಿ ದಾರಿ ಹೇಳಿದಂತೆ ಮೇಲಿಂದ ಕೊಕ್ಕೆ ಬಿಟ್ಟು ಬಂಗಾರ ಎತ್ತಿದರು. ನೋಟುಗಳೂ ಬಂದವು. ಖರ್ಚಿಗೆ ಬಾರದ ಆ ಕಾಗದಗಳನ್ನು ಇವತ್ತು ಸಂಗ್ರಾಹಕರು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅದೇ ಮಾದರಿಯ ನೋಟು ಸಂತೆಯಲ್ಲಿ ಓಡಾಡಿದ್ದರೆ ಒಂದು ಬೆಲೆ, ಸಮುದ್ರದ ತಳ ನೋಡಿ ಬಂದಿದ್ದರೆ ಬೇರೆ ಬೆಲೆ.

1937ರ ಫೆಬ್ರವರಿಯಲ್ಲಿ ಅಮೆರಿಕದ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಉಸ್ಮಾನ್ ಅಲಿ ಖಾನ್ ಬಂದರು, ಲೋಕದ ಅತಿ ದೊಡ್ಡ ಶ್ರೀಮಂತ ಅಂತ. ಆ ಶ್ರೀಮಂತ ಮಾತ್ರ ಹಳೇ ಟೋಪಿ, ಅಗ್ಗದ ಸಿಗರೇಟಿನಲ್ಲೇ ಕಾಲ ಹಾಕುತ್ತಿದ್ದರಂತೆ. ಸುಮಾರು 185 ಕ್ಯಾರೆಟ್‌ನ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಇಡೋಕೆ ಬಳಸುತ್ತಿದ್ದರು ಅಂತ ಹೇಳುತ್ತಾರೆ. ಅರಮನೆಯಲ್ಲಿ ಕೂಡಿಟ್ಟ ನೋಟಿನ ಕಟ್ಟುಗಳನ್ನು ಇಲಿ ಕಡಿದವು ಅಂತಲೂ ಕತೆ ಇದೆ. ಕತೆ ನಿಜವೋ ಸುಳ್ಳೋ, ಕಾಗದದ ಗುಣ ಮಾತ್ರ ಸರಿಯಾಗಿ ಹೇಳುತ್ತೆ: ರಾಜನದ್ದಾದರೂ ಇಲಿಗೆ ಕಾಗದವೇ.

1947ರಲ್ಲಿ ಬ್ರಿಟಿಷರು ಹೋದರು, ನಿಜಾಮ ಭಾರತ ಸೇರಲಿಲ್ಲ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದ ಆಯಿತು. ಸ್ವಲ್ಪ ದಿನದಲ್ಲೇ ಹೈದರಾಬಾದ್ ಸರ್ಕಾರ ಭಾರತದ ರೂಪಾಯಿ ತನ್ನ ನೆಲದಲ್ಲಿ ಚಲಾವಣೆಯಲ್ಲ ಅಂತ ಆಜ್ಞೆ ಹೊರಡಿಸಿತು, ಪಾಕಿಸ್ತಾನಕ್ಕೆ 20 ಕೋಟಿ ಸಾಲ ಕೊಟ್ಟಿತು. ಜಗಳ ಬಲಿಯೋಕೆ ಇದ್ದ ಕಾರಣಗಳಲ್ಲಿ ನೋಟೂ ಒಂದು. ರಜಾಕಾರರ ದಾಳಿಗೆ ಹೆದರಿ ನಮ್ಮ ಕಡೆಯ ಎಷ್ಟೋ ಕುಟುಂಬ ಊರು ಬಿಟ್ಟವು. 1948ರ ಸೆಪ್ಟೆಂಬರ್ 13ಕ್ಕೆ ಸೇನೆ ಬಂತು, 17ಕ್ಕೆ ನಿಜಾಮ ಶರಣಾದರು. ಆ ದಿನಗಳಲ್ಲಿ ಏನೂ ಮಾಡದ ಬಡ ಮುಸ್ಲಿಮರೂ ಸತ್ತರು, ಅದನ್ನೂ ಮರೆಯಬಾರದು.

ಶರಣಾದ ಮೂರನೇ ದಿನ ಲಂಡನ್ ಬ್ಯಾಂಕಿನಲ್ಲಿದ್ದ ಹೈದರಾಬಾದಿನ ಸುಮಾರು 10 ಲಕ್ಷ ಪೌಂಡ್ ಪಾಕಿಸ್ತಾನದ ಹೈಕಮಿಷನರ್ ಹೆಸರಿಗೆ ಹೋಯಿತು. ನಿಜಾಮ ವಾಪಸ್ ಕೇಳಿದರು, ಬ್ಯಾಂಕ್ ಕೊಡಲಿಲ್ಲ. ಜೀವನಪೂರ್ತಿ ಆ ದುಡ್ಡು ಅವರ ಕೈಗೆ ಬರಲಿಲ್ಲ. ತೀರ್ಪು ಬಂದಿದ್ದು 2019ರಲ್ಲಿ, ಭಾರತ ಮತ್ತು ನಿಜಾಮನ ವಾರಸುದಾರರ ಪರ. ಅಷ್ಟರಲ್ಲಿ ಅದು ಸುಮಾರು ಮೂರೂವರೆ ಕೋಟಿ ಪೌಂಡ್ ಆಗಿತ್ತು.

1950ರಿಂದ 1956ರವರೆಗೆ ಅವರು ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು. ಆ ಕಾಲದಲ್ಲೇ ಏಳು ಹಾಲಿಗೆ ಆರು ಭಾರತದ ರೂಪಾಯಿ ಅಂತ ಲೆಕ್ಕ ಹಾಕಿ ಜನ ಬದಲಾಯಿಸಿಕೊಂಡರು. 1956ರಲ್ಲಿ ರಾಯಚೂರು ಕನ್ನಡ ನಾಡಿಗೆ ಸೇರಿತು. 1959ಕ್ಕೆ ಹಾಲಿ ಪೂರ್ತಿ ರದ್ದಾಯಿತು. ತನ್ನ ಹೆಸರಲ್ಲಿ ಕೊಟ್ಟ ಮಾತು ಬರೀ ಕಾಗದವಾಗಿದ್ದನ್ನು ನೋಡಿದ ಮೇಲೂ ಉಸ್ಮಾನ್ ಅಲಿ ಖಾನ್ ಎಂಟು ವರ್ಷ ಬದುಕಿದ್ದರು. 1967ರ ಫೆಬ್ರವರಿ 24ರಂದು ಹೈದರಾಬಾದಿನ ಕಿಂಗ್ ಕೋಠಿ ಅರಮನೆಯಲ್ಲಿ ತೀರಿಕೊಂಡರು.

ಇನ್ನು ನಮ್ಮ ತಾತನ ನೋಟು. ನಮ್ಮಪ್ಪ ಅದರ ಫೋಟೋ ಹಾಕಿದ ಮರುದಿನವೇ ಯಾರೋ ಫೋನ್ ಮಾಡಿದರು. ಲಕ್ಷಗಟ್ಟಲೆ ಕೊಡ್ತೀವಿ, ಮೊದಲು ನೋಂದಣಿ ಶುಲ್ಕ ಕಳಿಸಿ ಅಂದರು. ನನ್ನ ಸೆಮಿಸ್ಟರ್ ಫೀಸು ಬಾಕಿ ಇತ್ತು, ಅಪ್ಪ ಕಳಿಸೋಕೆ ತಯಾರಾಗಿದ್ದರು. ಹೀಗೆ ಮೊದಲೇ ದುಡ್ಡು ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ ಅಂತ ತೋರಿಸಿದ ಮೇಲೆ ಸುಮ್ಮನಾದರು. ನಿಜವಾಗಿ ಕೊಳ್ಳುವವರು ನೋಟು ನೋಡಿ ದುಡ್ಡು ಕೊಡುತ್ತಾರೆ, ಕೇಳಲ್ಲ. ಅವರು ನೋಡೋದು ಸಹಿ ಯಾರದ್ದು, ವರ್ಷ ಯಾವುದು, ಎಷ್ಟು ಮಡಿಕೆ, ಪಿನ್ನಿನ ತೂತು ಇದೆಯಾ, ಅಂಚು ಕತ್ತರಿಸಿದ್ದಾರಾ. ಹಳೇದು ಅಂದ ಮಾತ್ರಕ್ಕೆ ಬೆಲೆ ಬರಲ್ಲ. ತೊಳೆದರೆ, ಇಸ್ತ್ರಿ ಹಾಕಿದರೆ, ಲ್ಯಾಮಿನೇಷನ್ ಮಾಡಿಸಿದರೆ ಇರೋ ಬೆಲೆಯೂ ಹೋಗುತ್ತೆ.

ನಮ್ಮ ನೋಟಿನಲ್ಲಿ ನಾಲ್ಕು ಮಡಿಕೆ, ಎರಡು ತೂತು. ಲಕ್ಷ ಬರೋ ಮಾತೇ ಇಲ್ಲ. ಆದರೆ ಮಡಿಕೆ ಹಾಕಿದ್ದು ತಾತ. ಬದಲಾಯಿಸಿಕೊಳ್ಳೋಕೆ ವರ್ಷಗಟ್ಟಲೆ ಟೈಮಿದ್ದರೂ ಇದೊಂದನ್ನು ಯಾಕೆ ಇಟ್ಟುಕೊಂಡರು ಅಂತ ಕೇಳೋಕೆ ಈಗ ಅವರಿಲ್ಲ. ನಿಮ್ಮ ಮನೆಯಲ್ಲೂ ಒಂದು ಟ್ರಂಕ್ ಇದ್ದರೆ, ಹಿರಿಯರು ಇರುವಾಗಲೇ ತೆಗೆಸಿ ನೋಡಿ. ಬೆಲೆ ಆಮೇಲೆ ಕೇಳಿದರಾಯಿತು.