ಮಠದ ತೋಟದಲ್ಲಿ ವಂಶದ ಗುಟ್ಟು: ವಂದನೀಯ ಗ್ರೆಗೋರ್ ಮೆಂಡೆಲ್

ಈ ಸ್ಮರಣ ಸಂಚಿಕೆಯ ನಿಮಿತ್ತ ನಮ್ಮ ದೇವಾಲಯದ ಹಳೆಯ ಜ್ಞಾನಸ್ನಾನದ ದಫ್ತರಗಳನ್ನು ತಿರುವುತ್ತಿರುವಾಗ, ಅಜ್ಜನ ಹೆಸರು ಮೊಮ್ಮಗನಿಗೆ ಬಂದಿರುವುದನ್ನು ಮತ್ತೆ ಮತ್ತೆ ಕಂಡೆವು. ಹೆಸರನ್ನು ಹಿರಿಯರು ಇಡುತ್ತಾರೆ. ಆದರೆ ಮಕ್ಕಳಲ್ಲಿ ಮರೆಯಾದ ಅಜ್ಜನ ಲಕ್ಷಣವು ಮೊಮ್ಮಕ್ಕಳಲ್ಲಿ ಪುನಃ ಮೂಡುವುದೆಂತು? ಈ ಪ್ರಶ್ನೆಗೆ ಲೆಕ್ಕಬದ್ಧವಾದ ಉತ್ತರವನ್ನು ಮೊದಲು ಕಂಡುಕೊಂಡವರು ಕಥೋಲಿಕ ಧರ್ಮಸಭೆಯ ಗುರುಗಳೊಬ್ಬರು. ಅವರೇ ವಂದನೀಯ ಗ್ರೆಗೋರ್ ಮೆಂಡೆಲ್.

1822ರ ಜುಲೈಯಲ್ಲಿ, ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ, ಇಂದು ಚೆಕ್ ಗಣರಾಜ್ಯಕ್ಕೆ ಸೇರಿದ ಹೈಂಜೆನ್‌ಡಾರ್ಫ್ ಗ್ರಾಮದ ರೈತ ಕುಟುಂಬದಲ್ಲಿ ಅವರು ಜನಿಸಿದರು. ಬಡತನದಿಂದ ವಿದ್ಯಾಭ್ಯಾಸ ಕುಂಟಿದಾಗ ತಂಗಿ ತೆರೇಸಿಯಾ ತನ್ನ ವರದಕ್ಷಿಣೆಯ ಪಾಲನ್ನೇ ಬಿಟ್ಟುಕೊಟ್ಟಳು. 1843ರಲ್ಲಿ ಬ್ರನೋ ನಗರದ ಸಂತ ತೋಮಸರ ಅಗಸ್ಟೀನಿಯನ್ ಮಠವನ್ನು ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ರೋಗಿಗಳ ಸಂಕಟವನ್ನು ಕಂಡು ತಾವೇ ಅಸ್ವಸ್ಥರಾಗುತ್ತಿದ್ದ ಈ ಮೃದುಹೃದಯಿಯನ್ನು ಮಠಾಧಿಪತಿ ನಾಪ್‌ರವರು ಅಧ್ಯಾಪನಕ್ಕೆ ಕಳುಹಿಸಿದರು. ಅಧ್ಯಾಪಕರ ಅರ್ಹತಾ ಪರೀಕ್ಷೆಯಲ್ಲಿ 1850ರಲ್ಲಿಯೂ, ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮೇಲೆ 1856ರಲ್ಲಿಯೂ ಅವರಿಗೆ ಜಯ ದೊರೆಯಲಿಲ್ಲ.

ಆ 1856ರಲ್ಲಿಯೇ ಮಠದ ತೋಟದಲ್ಲಿ ಬಟಾಣಿಯ ಪ್ರಯೋಗಗಳು ಆರಂಭವಾದವು. ಎಂಟು ವರ್ಷಗಳ ಅವಧಿಯಲ್ಲಿ ಸುಮಾರು 28,000 ಗಿಡಗಳನ್ನು ಬೆಳೆಸಿದರು. ದುಂಡು ಕಾಳಿನ ತಳಿಯನ್ನು ಸುಕ್ಕು ಕಾಳಿನ ತಳಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆಯ ಕಾಳುಗಳೆಲ್ಲವೂ ದುಂಡಾದವು. ಮುಂದಿನ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಸುಕ್ಕಿನ ಗುಣವು ನಾಶವಾಗಿರಲಿಲ್ಲ, ಅಡಗಿತ್ತಷ್ಟೆ. 1865ರಲ್ಲಿ ಬ್ರನೋದ ನಿಸರ್ಗ ವಿಜ್ಞಾನ ಸಂಘದಲ್ಲಿ ಎರಡು ಉಪನ್ಯಾಸಗಳ ಮೂಲಕ ಇದನ್ನು ವಿವರಿಸಿ, ಮರುವರ್ಷ ಪ್ರಕಟಿಸಿದರು.

ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ನಮ್ಮ ಗೌರವಕ್ಕೆ ಅವರು ಹೆಚ್ಚು ಪಾತ್ರರಾಗುವುದು ನಿಯಮವು ತಪ್ಪಿದೆಡೆಯಲ್ಲಿ. ಅದೇ ಪ್ರಬಂಧದಲ್ಲಿ, ಹುರುಳಿಕಾಯಿ ಗಿಡದ ಹೂಬಣ್ಣವು ಬಟಾಣಿಯ ಲೆಕ್ಕಕ್ಕೆ ಒಗ್ಗುವುದಿಲ್ಲವೆಂದು ಅವರು ಮುಚ್ಚಿಡದೆ ಬರೆದರು. ಒಂದಕ್ಕಿಂತ ಹೆಚ್ಚು ಅಂಶಗಳು ಸೇರಿ ಬಣ್ಣವಾಗುತ್ತಿರಬಹುದೆಂದು ಊಹಿಸಿದರು. ಬಳಿಕ ಹೀರೇಸಿಯಮ್ ಎಂಬ ಕಿರುಹೂವಿನ ಸಸ್ಯವನ್ನು ಕೈಗೆತ್ತಿಕೊಂಡರು. ಆ ಸೂಕ್ಷ್ಮ ಪುಷ್ಪಗಳ ಕೆಲಸದಲ್ಲಿ ಅವರ ಕಣ್ಣುಗಳು ಬಳಲಿ ಬೇನೆಗೊಂಡವು. ದೊರೆತ ಫಲವಾದರೋ ತಿರುಗುಮುರುಗು: ಮಿಶ್ರತಳಿಗಳು ಮೊದಲ ಪೀಳಿಗೆಯಲ್ಲಿಯೇ ಬಗೆಬಗೆಯಾಗಿದ್ದು, ಅವುಗಳ ಸಂತತಿಯು ತಾಯಿಗಿಡದಂತೆಯೇ ಬದಲಾಗದೆ ಉಳಿಯಿತು. ತಮ್ಮ ನಿಯಮಕ್ಕೆ ಎದುರಾಗಿ ನಿಂತ ಈ ಫಲವನ್ನೂ ಅವರು ತಾವೇ 1870ರಲ್ಲಿ ಪ್ರಕಟಿಸಿದರು.

1868ರಲ್ಲಿ ಮಠಾಧಿಪತಿಗಳಾದ ಮೇಲೆ ಆಡಳಿತದ ಭಾರವೂ, ಮಠಗಳ ಮೇಲೆ ಹೇರಲಾದ ತೆರಿಗೆಯ ವಿವಾದವೂ ಅವರ ಸಮಯವನ್ನು ನುಂಗಿದವು. 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ದೈವಾಧೀನರಾದರು. ಅವರ ಸಂಶೋಧನೆಯ ಬೆಲೆಯನ್ನು ಲೋಕವು ಅರಿತದ್ದು 1900ರಲ್ಲಿ.

ಒಗಟುಗಳು ಬಿಡಿಸಿಕೊಂಡದ್ದು ಇನ್ನೂ ತಡವಾಗಿ. ಹೀರೇಸಿಯಮ್ ಬಹುಮಟ್ಟಿಗೆ ಪರಾಗದ ನೆರವಿಲ್ಲದೆ ತಾಯಿಯಿಂದಲೇ ಬೀಜ ಕಟ್ಟುತ್ತದೆಂದು 1903ರ ಸುಮಾರಿಗೆ ತಿಳಿದುಬಂದಿತು. ನಮ್ಮ ಹಿತ್ತಿಲುಗಳಲ್ಲಿಯೂ ಅರಳುವ ಸಂಜೆಮಲ್ಲಿಗೆಯಲ್ಲಿ ಕೆಂಪು, ಬಿಳುಪು ಕೂಡಿ ನಸುಗೆಂಪಾಗುತ್ತದೆ, ಒಂದು ಇನ್ನೊಂದನ್ನು ಅಡಗಿಸುವುದಿಲ್ಲ. ಅದರ ಮಚ್ಚೆಯೆಲೆಯ ಗುಣವು ತಾಯಿಯಿಂದ ಮಾತ್ರ ಬರುತ್ತದೆಂದು ಜರ್ಮನಿಯ ಕೊರೆನ್ಸ್ 1909ರಲ್ಲಿ ತೋರಿಸಿದರು. ಮನುಷ್ಯನ ಎತ್ತರ, ಮೈಬಣ್ಣಗಳಾದರೋ ಅನೇಕ ಅಂಶಗಳ ಕೂಡಿಕೆ. ಇವಾವುವೂ ಮೆಂಡೆಲರನ್ನು ಸುಳ್ಳಾಗಿಸಲಿಲ್ಲ. ಅವರ ನಿಯಮದ ಗಡಿಯನ್ನು ಗುರುತಿಸಿ, ಅದನ್ನು ಇನ್ನಷ್ಟು ಬೆಳಗಿಸಿದವು.

ಗುರುಗಳಾದ ನಮಗೂ ನಿಯಮಗಳ ಮೇಲೆ ಒಲವು ಹೆಚ್ಚು. ನಿಯಮಕ್ಕೆ ಹೊಂದದ ಮನುಷ್ಯನು ಎದುರಾದಾಗ ಅವನೇ ತಪ್ಪಿತಸ್ಥನೆಂದು ಬಗೆಯುವುದು ನಮಗೆ ಸುಲಭ. ಮೆಂಡೆಲರು ಬಾಡಿದ ಕಣ್ಣುಗಳಿಂದಲೇ ಆ ಹಟಮಾರಿ ಹೂವನ್ನು ವರ್ಷಗಟ್ಟಲೆ ನೋಡಿದರು, ಕಂಡದ್ದನ್ನು ಕಂಡಂತೆ ಬರೆದರು. ಸೃಷ್ಟಿಕರ್ತನು ಇಟ್ಟ ಕ್ರಮವು ನಾವು ಕಂಡ ಕ್ರಮಕ್ಕಿಂತ ದೊಡ್ಡದೆಂಬ ವಿನಯವಿಲ್ಲದೆ ಇದು ಸಾಧ್ಯವೆ? ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಧರ್ಮಕೇಂದ್ರಕ್ಕೆ ಆ ತಾಳ್ಮೆಯೂ ಆ ಸತ್ಯಸಂಧತೆಯೂ ದೊರೆಯಲೆಂದು ಪ್ರಾರ್ಥಿಸುತ್ತೇವೆ.